ಏಳುನೂರ ಇಪ್ಪತ್ತು ಸಾಲು, ನಡುವೆ ಒಂದು ಉಗುಳು

ಸ್ಟೇಷನ್ ಮಾಸ್ತರು ನನ್ನನ್ನು ಹಿಡಿದದ್ದು ಅವರದೇ ದನಿ ನನ್ನ ಬಾಯಲ್ಲಿದ್ದಾಗ.

ಎಪ್ಪತ್ತರ ದಶಕದ ನಡುವಿನ ಮಾತು. ಕುಂದಗೋಳ ತಾಲೂಕಿನ ನಮ್ಮೂರಿಗೆ ಒಂದು ಸಣ್ಣ ಸ್ಟೇಷನ್ನು, ಅದರೆದುರು ಒಂದು ಚಹಾದಂಗಡಿ. ನನಗೆ ಇಪ್ಪತ್ತೊಂದು. ಪಿಯುಸಿಯಲ್ಲಿ ಎರಡು ಸಲ ನಪಾಸಾಗಿ, ದಲಾಲಿ ಅಂಗಡಿಯಲ್ಲಿ ಕಾಳಿನ ಚೀಲಗಳ ಮೇಲೆ ಕರಿ ಬಣ್ಣದಲ್ಲಿ ಗುರುತು ಬರೆಯುತ್ತಿದ್ದೆ. ಅಕ್ಷರ ಕಲಿತದ್ದಕ್ಕೆ ಅಷ್ಟಾದರೂ ಆಯಿತಲ್ಲ ಎಂದು ಅಪ್ಪ ಸಮಾಧಾನ ಮಾಡಿಕೊಂಡಿದ್ದ. ನನ್ನ ನಿಜವಾದ ಉದ್ಯೋಗ ಮಂದಿಯ ನಕಲು ಮಾಡುವುದು. ಗೌಡರು ಕೆಮ್ಮುವುದು, ಪೋಸ್ಟ್‌ಮನ್ ಸೈಕಲ್ಲು ಇಳಿಯುವುದು, ನಮ್ಮವ್ವ ಬೈಯುವ ಮೊದಲು ಉಸಿರು ಎಳೆದುಕೊಳ್ಳುವುದು, ಎಲ್ಲ ನನ್ನ ಹತ್ತಿರ ತಯಾರಿದ್ದವು. ಆ ದಿನ ಚಹಾ ಕುಡಿದ ಖಾಲಿ ಬಸಿಯನ್ನು ಕಿವಿಗೆ ಹಿಡಿದು, ಮಾಸ್ತರು ಮುಂದಿನ ಸ್ಟೇಷನ್ನಿಗೆ ಫೋನು ಮಾಡುವ ಹಾಗೆ ಕೂಗುತ್ತಿದ್ದೆ. ಮಾಸ್ತರು ಕೂಗುವ ರೀತಿ ಕೇಳಿದರೆ ನಡುವೆ ತಂತಿ ಯಾಕೆ ಬೇಕು ಅನ್ನಿಸುತ್ತಿತ್ತು.

"ಹಲೋ! ಹಲೋ! ಗಾಡಿ ಬಿಟ್ಟೀರೇನ್ರೀ? ಏನು? ಬಿಟ್ಟಿಲ್ಲಾ? ಮತ್ತ ಹೊಗಿ ಯಾಕ ಕಾಣ್ತದ?"

ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ಒಮ್ಮೆಲೇ ನಗುವುದನ್ನು ನಿಲ್ಲಿಸಿದರು. ನಾನು ಬಸಿ ಕೆಳಗಿಟ್ಟು ಹಿಂದೆ ತಿರುಗಿದೆ.

ಬಿಳಿ ಕೋಟು, ಐವತ್ತಾರು ವರ್ಷದ ತೆಳ್ಳನೆಯ ಮೈ. ಬೈಯಲಿಲ್ಲ. "ಇನ್ನೊಮ್ಮೆ ಮಾಡು" ಅಂದರು. ಮಾಡಿದೆ. ಈ ಸಲ ಯಾರೂ ನಗಲಿಲ್ಲ, ನನ್ನ ದನಿಯೂ ಅರ್ಧಕ್ಕೆ ಒಡೆಯಿತು.

"ಕಿವಿ ಛಲೋ ಅದಾವ ನಿನ್ನವು" ಅಂದರು ಮಾಸ್ತರು. "ಮೂರರ ಗಾಡಿ ಹೋದ ಮ್ಯಾಲೆ ಸ್ಟೇಷನ್ನಿಗೆ ಬಾ. ಒಂದು ಕೆಲಸ ಅದ."

ಪೊಲೀಸರಿಗೆ ಹಿಡಿದುಕೊಡುತ್ತಾರೆ ಅಂದುಕೊಂಡೆ. ಹೋದರೆ, ಕಾಯುವ ಕೋಣೆಯ ಬೆಂಚಿನ ಮೇಲೆ ಒಂದು ಮರದ ಪೆಟ್ಟಿಗೆ. ಒಳಗೆ ಹಸಿರು ಬಟ್ಟೆಯ ಮೇಲೆ ಚರ್ಮದ ಹಿಡಿಕೆಯ ಐದು ಹಿತ್ತಾಳೆ ಗಂಟೆಗಳು, ದೊಡ್ಡದರಿಂದ ಸಣ್ಣದರವರೆಗೆ, ಒಂದೇ ಮನೆಯ ಮಕ್ಕಳಂತೆ ಮಲಗಿದ್ದವು. ಕಳೆದುಹೋದ ಆರನೆಯದರ ಜಾಗದಲ್ಲಿ ಒಂದು ಎತ್ತಿನ ಕೊರಳ ಗಂಟೆ. ಅದಕ್ಕೆ ತಂತಿ ಸುತ್ತಿ ಹಿಡಿಕೆ ಮಾಡಿದ್ದರು. ಪೆಟ್ಟಿಗೆಯ ಪಕ್ಕದಲ್ಲಿ ಆ ಎತ್ತಿನ ಮಾಲಕ ಎಲೆ ಅಡಿಕೆ ತಂಬಾಕು ಅಗಿಯುತ್ತ ಕೂತಿದ್ದ. ಸ್ಟೇಷನ್ನಿಗೆ ಚಕ್ಕಡಿಯಲ್ಲಿ ಮೆಣಸಿನಕಾಯಿ ಹೇರಿ ತರುವ ಮುದುಕ, ಊರಿಗೆಲ್ಲ ಕಾಕಾ.

"ಬಾರಲೇ ಮಂಗ್ಯಾ" ಅಂದ ಕಾಕಾ. "ಬಲಗಡಿ ಎತ್ತಿನ ಗಂಟಿ ಕೊಟ್ಟೇನಿ, ನನ್ನೂ ಕೊಟ್ಟೇನಿ. ಇನ್ನ ನೀ ಒಬ್ಬಾಂವ ಕಡಿಮಿ ಇದ್ದಿ."

ಆ ಪೆಟ್ಟಿಗೆ ಮಾಸ್ತರಿಗೆ ಬಂದ ಬಗೆ ಇದು. ಹುಬ್ಬಳ್ಳಿಯ ರೈಲ್ವೆ ಕಾಲನಿಯಲ್ಲಿ ಅವರು ಹುಡುಗರಿದ್ದಾಗ, ಪಕ್ಕದ ಮನೆಯಲ್ಲಿ ಒಬ್ಬ ಅರ್ಧ ಬಿಳಿಯ ಎಂಜಿನ್ ಡ್ರೈವರ್ ಇದ್ದ. ಅವನ ತಾತ ಇಂಗ್ಲೆಂಡಿನ ಯಾವುದೋ ಚರ್ಚಿನಲ್ಲಿ ಗಂಟೆ ಬಾರಿಸುತ್ತಿದ್ದನಂತೆ. ಗೋಪುರದ ಗಂಟೆಗಳನ್ನು ಹಡಗಿನಲ್ಲಿ ತರಲು ಆಗುವುದಿಲ್ಲವಲ್ಲ, ಕೈಗಂಟೆ ತಂದ. ಮಾಸ್ತರಿಗೆ ಬಾರಿಸಲು ಕಲಿಸಿದ್ದ ಡ್ರೈವರ್ ಈ ದೇಶ ಬಿಟ್ಟು ಹೋಗುವಾಗ ಪೆಟ್ಟಿಗೆಯನ್ನೂ ಒಂದು ನೋಟುಬುಕ್ಕನ್ನೂ ಮಾಸ್ತರ ಕೈಗಿಟ್ಟ. ನೋಟುಬುಕ್ಕಿನ ಮೊದಲ ಪುಟದಲ್ಲಿ ಮೂರು ನಿಯಮ: ಕಾಗದ ನೋಡಬಾರದು, ಮಾತಾಡಬಾರದು, ನಡುವೆ ನಿಲ್ಲಬಾರದು. ಆಮೇಲಿನ ಪುಟಗಳಲ್ಲಿ, ಮೊದಲಿನಿಂದ ಕೊನೆಯವರೆಗೆ ಪೂರಾ ಬಾರಿಸಿದವರ ಹೆಸರು. ಅದರಲ್ಲಿ ಮಾಸ್ತರ ಹೆಸರು ಇರಲಿಲ್ಲ.

"ಏನು ಬಾರಸೂದ್ರಿ? ಯಾವ ಹಾಡು?" ಅಂದೆ.

"ಹಾಡಲ್ಲ."

"ಭಜನಿ?"

"ಭಜನೀನೂ ಅಲ್ಲ. ಸಾಲು."

ನನ್ನ ಮುಖ ನೋಡಿ ಮಾಸ್ತರು ಬಾಗಿಲಾಚೆ ಕೈ ತೋರಿಸಿದರು. ಸ್ಟೇಷನ್ನಿನ ಬಾವಿಯ ಹತ್ತಿರ ಹೆಂಗಸರು ಕೊಡಗಳನ್ನು ಸಾಲಾಗಿ ಇಟ್ಟಿದ್ದರು. "ಆರು ಕೊಡ ಅದಾವ ಅಂತ ತಿಳಿ. ಪ್ರತಿ ಸಲ ಸಾಲು ಬದಲಾಗಬೇಕು. ಆದ್ರ ಒಂದು ಕೊಡ ತನ್ನ ಬಾಜೂ ಕೊಡದ ಕೂಡ ಅಷ್ಟ ಜಾಗಾ ಬದಲ ಮಾಡಬಹುದು, ಜಿಗಿಯೋ ಹಂಗಿಲ್ಲ. ಒಮ್ಮೆ ಬಂದ ಸಾಲು ಮತ್ತೊಮ್ಮೆ ಬರೋ ಹಂಗಿಲ್ಲ. ಹಿಂಗ ಏಳುನೂರ ಇಪ್ಪತ್ತು ಸಾಲು ಆಗ್ತಾವ, ಇಪ್ಪತ್ತೈದು ನಿಮಿಷ ಹಿಡೀತದ. ಕಡೀಕ ಎಲ್ಲಾ ಕೊಡ ತಿರುಗಿ ತಮ್ಮ ಮೊದಲಿನ ಜಾಗಾಕ್ಕ ಬರಬೇಕು."

"ಬಂದು?"

"ಬಂದು ಏನು? ಬಂದ್ರ ಮುಗೀತು."

"ಅಂದ್ರ ಇಪ್ಪತ್ತೈದು ನಿಮಿಷ ಒದ್ದಾಡಿ ಇದ್ದಲ್ಲಿಗೇ ಬರೂದು?"

"ಹೌದು."

ಕಾಕಾ ಕಿಟಕಿಯಾಚೆ ಉಗುಳಿ ಬಾಯಿ ಒರೆಸಿಕೊಂಡ. "ಅದರಾಗೇನೈತಲೇ? ನಾ ಅರವತ್ತು ವರ್ಷ ಅದನ್ನ ಮಾಡೇನಿ. ದಿನಾ ಹೊಲಕ್ಕ ಹೋಗೂದು, ದಿನಾ ಮನೀಗೆ ಬರೂದು."

ಒಬ್ಬೊಬ್ಬರಿಗೆ ಎರಡೆರಡು ಗಂಟೆ. ಕಿರಿಯ ಎರಡು ಮಾಸ್ತರಿಗೆ, ನಡುವಿನವು ನನಗೆ, ಹಿರಿಯ ಎರಡು ಕಾಕಾನಿಗೆ. ಓದಿದವನು ನಾನು, ಬೇಗ ಕಲಿತದ್ದು ಕಾಕಾ. ಆತ ಬಾರಕೋಲು ಹೆಣೆಯುವವನು. ಚರ್ಮದ ಎಳೆಗಳು ಒಂದರ ಮೇಲೊಂದು ದಾಟಿ ಹೋಗುವ ಹಾಗೆ ಗಂಟೆಗಳೂ ದಾಟುತ್ತವೆ ಎಂದು ಅವನಿಗೆ ಒಂದೇ ವಾರದಲ್ಲಿ ಹೊಳೆಯಿತು. "ಎಳಿ ಹಿಡಕೊಂಡು ಹೋಗಲೇ, ಬಾಜೂ ಎಳಿ ಜಗ್ಗಬ್ಯಾಡ" ಎಂದು ನನಗೂ ಹೇಳಿಕೊಟ್ಟ.

ನನ್ನ ಅಡಚಣೆಯೇ ಅದು. ನಕಲು ಮಾಡುವವನ ಕೈ ತನ್ನ ಮಾತು ಕೇಳುವುದಿಲ್ಲ, ಎದುರಿನವನ ಮಾತು ಕೇಳುತ್ತದೆ. ಕಾಕಾ ಬಲಗೈ ಎತ್ತಿದರೆ ನನ್ನ ಬಲಗೈ ತಾನಾಗಿ ಏಳುತ್ತಿತ್ತು. ಅವನು ತುಟಿ ಮುಂದೆ ಮಾಡಿದರೆ ನನ್ನ ತುಟಿಯೂ ಮುಂದೆ ಹೋಗುತ್ತಿತ್ತು. ಎರಡು ಗಂಟೆ ಒಟ್ಟಿಗೆ ಢಣ್ ಅಂದು ಸಾಲು ಕೆಡುತ್ತಿತ್ತು.

"ನಿನ್ನ ಗಂಟಿ ನೀ ಬಾರಸೋ ಮಾರಾಯಾ" ಅನ್ನುತ್ತಿದ್ದರು ಮಾಸ್ತರು. "ಕಾಕಾನ ಗಂಟಿ ಬಾರಸಲಿಕ್ಕೆ ಕಾಕಾ ಇದ್ದಾನ."

ಮೊದಲ ತಿಂಗಳು ಕಾಯುವ ಕೋಣೆಯಲ್ಲಿ ಕೂತೆವು. ನಮ್ಮ ಸ್ಟೇಷನ್ನಿನಲ್ಲಿ ಗಾಡಿ ಬರುವ ಸೂಚನೆಗೆ ತೂಗುಹಾಕಿದ ಕಂಬಿಯ ತುಂಡಿಗೆ ಬಡಿಯುತ್ತಿದ್ದರು. ನಮ್ಮ ಗಂಟೆ ಕೇಳಿ ಮಂದಿ ಗಾಡಿ ಬಂತೆಂದು ಗಂಟುಮೂಟೆ ಹೊತ್ತು ಓಡಿ ಬಂದರು. ಒಬ್ಬ ಅಜ್ಜಿಯಂತೂ ಗುಡಗೇರಿ ಸಂತೆಗೆ ಹೊರಟವಳು, ಬುಟ್ಟಿಯಲ್ಲಿ ಎರಡು ಕೋಳಿ. ಕೋಣೆಗೇ ನುಗ್ಗಿ ಮಾಸ್ತರನ್ನು ನೋಡಿದಳು. "ಸರಕಾರ ಪಗಾರ ಕೊಡೂದು ಇದಕ್ಕೇನೋ ಯಪ್ಪಾ?" ಮಾಸ್ತರು ಎರಡೂ ಗಂಟೆಗಳನ್ನು ಕೋಟಿನೊಳಗೆ ಮುಚ್ಚಿಕೊಂಡರು. ಕೋಟಿನೊಳಗಿಂದಲೂ ಅವು ಒಮ್ಮೆ ಕಿಣಿಕ್ ಅಂದವು.

ಅಲ್ಲಿಂದ ಸರಕಿನ ಶೆಡ್ಡಿಗೆ ಹೋದೆವು. ಅಲ್ಲಿ ಮೆಣಸಿನಕಾಯಿ ಚೀಲ. ಹತ್ತು ಸಾಲಿಗೊಂದು ಸೀನು. ನಿಯಮದಲ್ಲಿ ಮಾತಾಡಬಾರದು ಅಂತ ಇದೆ, ಸೀನಬಾರದು ಅಂತ ಇಲ್ಲ ಎಂದು ನಾನು ವಾದಿಸಿದೆ. ಆದರೆ ಸೀನುವಾಗ ಎರಡೂ ಕೈ ಅಲುಗುತ್ತವೆ. ಎರಡೂ ಕೈಯಲ್ಲಿ ಗಂಟೆ ಇರುತ್ತವೆ.

ಕೊನೆಗೆ ಮಾಸ್ತರ ಕ್ವಾರ್ಟರ್ಸಿನ ಪಡಸಾಲೆಯೇ ಗತಿಯಾಯಿತು. ಅಲ್ಲಿ ಮಾಸ್ತರ ಹೆಂಡತಿ, ನಾವೆಲ್ಲ ಅಕ್ಕಾರು ಅನ್ನುತ್ತಿದ್ದವರು, ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದರು. ಹೋದ ಎರಡನೇ ದಿನವೇ ನಾನು ಹಿತ್ತಲಲ್ಲಿ ನಿಂತು ಮಾಸ್ತರ ದನಿಯಲ್ಲಿ "ಚಹಾ ಮಾಡೇ" ಅಂದೆ. ಚಹಾ ಬಂತು. ತಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಮ್ಮನಿಯವರು ಇಪ್ಪತ್ತೆಂಟು ವರ್ಷದಾಗ ಇಷ್ಟು ಜೋರಾಗಿ ನನ್ನ ಕೂಡ ಮಾತಾಡಿಲ್ಲೋ ತಮ್ಮಾ. ಜೋರು ಏನಿದ್ರೂ ಫೋನಿನ್ಯಾಗ." ಅಂದಿನಿಂದ ನನಗೆ ಕಿವಿ ಮುರಿದ ಕಪ್ಪು ಕಾಯಂ ಆಯಿತು.

ಎಂಟು ತಿಂಗಳು ಹೀಗೇ. ಮುನ್ನೂರು ಸಾಲು ದಾಟಿದೆವು, ನಾನೂರು ದಾಟಿದೆವು, ಒಮ್ಮೆ ಆರುನೂರರ ಹತ್ತಿರವೂ ಹೋದೆವು. ಕೆಡಿಸುವವನು ಪ್ರತಿ ಸಲವೂ ನಾನೇ. ಕಾಕಾನಿಗೆ ಇದ್ದದ್ದು ಒಂದೇ ಚಟ. ಅರ್ಧ ದಾರಿ ಆಗುವ ಹೊತ್ತಿಗೆ ಅವನ ಬಾಯಿ ತಂಬಾಕಿನ ರಸದಿಂದ ತುಂಬುತ್ತಿತ್ತು. ಅಲ್ಲಿ ಕತ್ತು ತಿರುಗಿಸಿ ಪಡಸಾಲೆಯ ಆಚೆ ಒಮ್ಮೆ ಉಗುಳಿ ಮತ್ತೆ ಎತ್ತಿಕೊಳ್ಳುತ್ತಿದ್ದ. ಮೊದಮೊದಲು ಮಾಸ್ತರು ಗೊಣಗಿದರು. ಆಮೇಲೆ ಗೊಣಗಲಿಲ್ಲ.

ಆಗ ವರ್ಗಾವಣೆಯ ಕಾಗದ ಬಂತು. ಹದಿನೈದು ದಿನದೊಳಗೆ ಸೊಲ್ಲಾಪುರದ ಕಡೆ ಹೋಗಬೇಕು.

ಮಾಸ್ತರು ಕಾಗದವನ್ನು ಮಡಚಿ ಕೋಟಿನ ಕಿಸೆಯಲ್ಲಿಟ್ಟು ಗಂಟೆ ಎತ್ತಿಕೊಂಡರು. ಅಂದು ಅವರ ಬೆರಳು ನೋಡಿದೆ. ಗಂಟೆ ಸುಮ್ಮನಿದ್ದಾಗಲೂ ಬೆರಳು ಅಲುಗುತ್ತಿದ್ದವು. ಮನೆಗೆ ಹೋಗಿ ಅದನ್ನು ನಕಲು ಮಾಡಲು ನೋಡಿದೆ. ಬಂತು. ಬಂದದ್ದು ನನಗೆ ಇಷ್ಟವಾಗಲಿಲ್ಲ.

"ಇದು ನಾಲ್ಕನೇ ಊರು" ಎಂದರು ಅಕ್ಕಾರು, ಮಾಸ್ತರು ಡ್ಯೂಟಿಗೆ ಹೋದ ಮೇಲೆ. "ಪ್ರತಿ ಊರಾಗೂ ಇಬ್ಬರನ್ನ ಹುಡುಕೂದು, ಕಲಿಸೂದು, ಇನ್ನೇನು ಮುಟ್ಟತಾರ ಅನ್ನೂದ್ರಾಗ ವರ್ಗಾ. ಇನ್ನೊಂದು ಊರಿಗೆ ಆ ಬೆರಳು ತಡಿಯೂದಿಲ್ಲ. ಡಾಕ್ಟರು ಹೇಳ್ಯಾರ. ಆ ಬುಕ್ಕಿನ್ಯಾಗ ಒಂದು ಹೆಸರು ಬರೀಲಿಕ್ಕೆ ಮೂವತ್ತು ವರ್ಷ ಆತು ನೋಡು."

ನಾನು ಕಿವಿ ಮುರಿದ ಕಪ್ಪನ್ನು ತೊಳೆದಿಟ್ಟೆ. ಹದಿನೈದು ದಿನ ದಿನಾ ಕೂತೆವು, ದಿನಾ ಕೆಡಿಸಿದೆ. ರಾತ್ರಿ ಕನಸಿನಲ್ಲೂ ಕೆಡಿಸಿದೆ ಅಂದರೆ ಸುಳ್ಳಾಗುತ್ತದೆ; ನಾನು ಸುಖವಾಗಿ ನಿದ್ದೆ ಮಾಡುವ ಜಾತಿ.

ಕೊನೆಯ ದಿನ ಮಧ್ಯಾಹ್ನ ಹಾಸಿಗೆ ಸುತ್ತಿ ಹೋಲ್ಡಾಲು ಕಟ್ಟಿ ಆಗಿತ್ತು, ಟ್ರಂಕುಗಳ ಮೇಲೆ ನಾನೇ ಕರಿ ಬಣ್ಣದಲ್ಲಿ ಊರ ಹೆಸರು ಬರೆದಿದ್ದೆ. ಹೊಸ ಮಾಸ್ತರು ಬೆಳಿಗ್ಗೆಯೇ ಬಂದು ಚಾರ್ಜು ತೆಗೆದುಕೊಂಡಿದ್ದರು. ಐದೂವರೆಗೆ ಗಾಡಿ. ಗಂಟೆಗಳ ಪೆಟ್ಟಿಗೆ ಮಾತ್ರ ತೆರೆದಿತ್ತು. ಆಗ ಕಾಕಾ ಬಂದ, ಎಡಗೈಯ ಹೆಬ್ಬೆರಳಿಗೆ ಅರಿಶಿಣದ ದೊಡ್ಡ ಬಟ್ಟೆ ಸುತ್ತಿಕೊಂಡು.

"ಏನಾತೋ?" ಮಾಸ್ತರ ದನಿ ಸಣ್ಣದಾಯಿತು.

"ನೊಗ ಹೂಡೂ ಮುಂದ ಎತ್ತು ಕೊರಳ ಝಾಡಿಸಿಬಿಡ್ತ್ರೀ ಸಾಹೇಬ್ರ. ಹೆಬ್ಬಟ್ಟು ನೊಗಕ್ಕೂ ಗೂಟಕ್ಕೂ ನಡುವ ಸಿಕ್ತು."

"ಯಾವ ಎತ್ತು?"

ಕಾಕಾ ಗಂಟೆಯ ಕಡೆ ನೋಡಿದ. "ಬಲಗಡೀದು. ಎಂಟು ತಿಂಗಳಾತಲ್ರಿ ಗಂಟಿ ಇಲ್ಲದ ತಿರುಗಾಕ ಹತ್ತಿ. ಸಿಟ್ಟು ಇದ್ದ ಇರತೈತಿ."

ಮಾಸ್ತರು ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಚ್ಚಿದರು. ಆಗ ನನ್ನ ಬಾಯಿಂದ ಮಾತು ಬಂತು. ಯೋಚಿಸಿ ಹೇಳಿದ್ದೆ ಅಂದರೆ ನನ್ನನ್ನು ಬಲ್ಲವರು ನಂಬಲಿಕ್ಕಿಲ್ಲ.

"ಕಾಕಾನ ಗಂಟಿ ನಾ ಬಾರಸ್ತೀನ್ರಿ. ನನ್ನವು ನನಗ ಬರೂದಿಲ್ಲ. ಕಾಕಾನವು ಬರತಾವು. ಎಂಟು ತಿಂಗಳು ಅವನ್ನ ಬಾರಿಸೇನಲ್ರಿ, ನನ್ನ ಗಂಟಿಲೆ."

"ನಿನ್ನ ಎರಡು ಯಾರು ಬಾರಸ್ಬೇಕು?" ಅಂದರು ಮಾಸ್ತರು. "ಎತ್ತು?"

"ಕೊಡ್ರಿ ಇಲ್ಲೆ" ಅಂದರು ಅಕ್ಕಾರು.

ಮೊರ ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಎರಡು ಗಂಟೆ ಎತ್ತಿ ಹಿಡಿದರು. ಹಿಡಿದ ರೀತಿ ನೋಡಿದರೆ ಮೊದಲ ಸಲ ಹಿಡಿದಂತೆ ಇರಲಿಲ್ಲ. ಮಾಸ್ತರು ಹೆಂಡತಿಯನ್ನು ನೋಡಿದರು.

"ನಿನಗ ಯಾವಾಗ..."

"ನೀವು ಡ್ಯೂಟಿಗೆ ಹೋದ ಮ್ಯಾಲೆ ನಾ ಇಡೀ ದಿನ ಅಕ್ಕೀನ ಆರಿಸ್ತಿದ್ದೆ ಅಂತ ತಿಳದೀರೇನು? ಇಬ್ಬರು ಇರೋ ಮನ್ಯಾಗ ಅಷ್ಟು ಅಕ್ಕಿ ಯಾರು ತಿಂತಾರ? ಈ ತಮ್ಮ ಎಲ್ಲೆಲ್ಲಿ ತಪ್ಪತಾನ, ಎಲ್ಲಾ ನನಗ ಬಾಯಿಪಾಠ ಅದ."

ಮೂವತ್ತು ವರ್ಷ ಊರೂರು ತಿರುಗಿ ಇಬ್ಬರನ್ನು ಹುಡುಕುತ್ತಿದ್ದ ಮನುಷ್ಯ ಹೆಂಡತಿಯ ಎದುರು ಬಾಯಿ ತೆರೆದು ಕೂತ. ಆ ಮುಖವನ್ನು ನಾನು ಇವತ್ತಿಗೂ ಮಾಡಿ ತೋರಿಸಬಲ್ಲೆ.

ನಾನು ಕಾಕಾನಾಗಬೇಕಿತ್ತು. ಅವನ ಜಾಗದಲ್ಲಿ ಅವನಂತೆ ಒಂದು ಮೊಣಕಾಲು ಮೇಲೆ ಮಾಡಿ ಕೂತೆ. ಅವನ ಟವೆಲ್ಲು ಇಸಿದುಕೊಂಡು ತಲೆಗೆ ಸುತ್ತಿದೆ. ಕೈ ಇನ್ನೂ ನನ್ನದೇ ಅನ್ನಿಸುತ್ತಿತ್ತು. "ಎಲಿ ಕೊಡೋ ಕಾಕಾ" ಅಂದೆ. ಕಾಕಾ ಒಂದೇ ಕೈಯಲ್ಲಿ ಸುಣ್ಣ ಹಚ್ಚಿ, ಅಡಿಕೆ ತಂಬಾಕು ಸೇರಿಸಿ ಕೊಟ್ಟ. ಅಲ್ಲಿಯವರೆಗೆ ನಾನು ತಂಬಾಕು ತಿಂದವನಲ್ಲ. ದವಡೆಗೆ ಇಟ್ಟ ಕೂಡಲೇ ಕಿವಿಯಿಂದ ಹೊಗೆ ಹೊರಟಂತಾಯಿತು. ಆದರೆ ಎರಡು ಸಲ ಅಗಿದ ಮೇಲೆ ಭುಜ ಇಳಿಯಿತು, ಕಣ್ಣು ಅರ್ಧ ಮುಚ್ಚಿತು, ಬಲಗೈ ತಾನಾಗಿ ಎತ್ತಿನ ಗಂಟೆಯ ಮೇಲೆ ಕೂತಿತು.

"ಅವ್ವಯ್ಯ" ಅಂದ ಕಾಕಾ ಮೆಟ್ಟಿಲ ಮೇಲಿಂದ. "ನಾ ಇಷ್ಟು ಮುದುಕ ಆಗೇನೇನು?"

ಶುರು ಮಾಡಿದೆವು. ಮೊದಲು ಆರೂ ಗಂಟೆ ಕಿರಿದರಿಂದ ಹಿರಿದರವರೆಗೆ, ಮೆಟ್ಟಿಲು ಇಳಿದ ಹಾಗೆ. ಆಮೇಲೆ ಹೆಣಿಕೆ. ನೂರು ಸಾಲು, ಇನ್ನೂರು ಸಾಲು. ಅಕ್ಕಾರ ಕೈ ಅಕ್ಕಿ ಆರಿಸಿದಷ್ಟೇ ಸಾವಕಾಶ, ಅಷ್ಟೇ ಖಾತ್ರಿ. ಮಾಸ್ತರ ಬೆರಳು ನಡುಗುತ್ತಿದ್ದವು, ಗಂಟೆ ನಡುಗುತ್ತಿರಲಿಲ್ಲ. ನನಗೆ ಎಣಿಕೆಯ ಗೊಡವೆ ಇರಲಿಲ್ಲ. ಕಾಕಾ ಎಲ್ಲಿ ಕೈ ಎತ್ತುತ್ತಾನೋ ಅಲ್ಲಿ ಎತ್ತುತ್ತಿದ್ದೆ. ಮೈಯೆಲ್ಲ ಬೆವರು, ತಲೆ ಗಿರಗಿರ. ಬಾಯಿ ತುಂಬುತ್ತ ಬಂತು.

ಅರ್ಧ ದಾರಿಯಲ್ಲಿ ಪೂರಾ ತುಂಬಿತು. ನುಂಗಿದರೆ ಸಾಯುತ್ತೇನೆ ಅನ್ನಿಸಿತು. ಕತ್ತು ತಿರುಗಿಸಿ ಪಡಸಾಲೆಯ ಆಚೆ ಉಗುಳಿದೆ. ಕಾಕಾನಷ್ಟು ಗುರಿ ನನಗೆಲ್ಲಿ, ಅರ್ಧ ಹೋಲ್ಡಾಲಿನ ಮೇಲೆ ಬಿತ್ತು. ಮತ್ತೆ ಎತ್ತಿಕೊಂಡೆ. ಗಂಟೆಗಳು ಮುಂದೆ ಹೋದವು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಒಂದು ಹೊತ್ತಿನಲ್ಲಿ ಸಾಲು ಬಿಚ್ಚುತ್ತ ಬಂತು, ಗಂಟೆಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬರತೊಡಗಿದವು. ಒಂದು, ಎರಡು, ಮೂರು, ನಾಲ್ಕು, ಐದು. ಕೊನೆಗೆ ಎತ್ತಿನ ಗಂಟೆ. ಮತ್ತೊಮ್ಮೆ ಅದೇ ಸಾಲು. ಮಾಸ್ತರು ಗಂಟೆಗಳನ್ನು ತೊಡೆಯ ಮೇಲೆ ಇಟ್ಟರು. ಹೊರಗೆ ಬೇವಿನ ಗಿಡಕ್ಕೆ ಕಟ್ಟಿದ್ದ ಬಲಗಡೆಯ ಎತ್ತು ಒಮ್ಮೆ ಅಂಬಾ ಎಂದಿತು.

ಮಾಸ್ತರು ನೋಟುಬುಕ್ಕು ತೆಗೆದರು, ಪೆನ್ನಿನ ಟೊಪ್ಪಿಗೆ ಬಿಚ್ಚಿದರು. ಮೊದಲ ಪುಟ ಕಣ್ಣಿಗೆ ಬಿತ್ತು. ಟೊಪ್ಪಿಗೆ ತಿರುಗಿ ಹಾಕಿದರು.

"ನಡುವ ನಿಂತ್ವಿ" ಅಂದರು.

ಹೌದು. ಕಾಕಾನನ್ನು ಎಷ್ಟು ಚೆನ್ನಾಗಿ ನಕಲು ಮಾಡಿದ್ದೆನೆಂದರೆ ಅವನ ತಪ್ಪನ್ನೂ ಬಿಟ್ಟಿರಲಿಲ್ಲ. ಮೂವತ್ತು ವರ್ಷದ ಆಸೆಯ ಮೇಲೆ ಉಗುಳಿದವನು ನಾನು. ನೆಲ ಬಾಯಿ ಬಿಡಲಿ ಅನ್ನಿಸಿತು. ತಂಬಾಕಿನ ದೆಸೆಯಿಂದ ನೆಲ ಆಗಲೇ ತಿರುಗುತ್ತಿತ್ತು.

"ಸಾಹೇಬ್ರ" ಅಂದ ಕಾಕಾ. "ಒಂದು ಕೇಳತೀನಿ. ಅಂವ ಉಗುಳಿದಾಗ ನೀವು ಏನ ಮಾಡಿದ್ರಿ?"

"ಏನು ಮಾಡೂದು? ತಡದೆ."

"ಅಕ್ಕಾರ?"

"ನಾನೂ ತಡದೆ" ಅಂದರು ಅಕ್ಕಾರು. "ಅಲ್ಲೆ ನೀವು ದಿನಾ ತಡೀತೀರಲ್ಲ, ಕೇಳಿ ಕೇಳಿ ರೂಢಿ ಆಗ್ಯದ."

"ಮತ್ತ? ಅಂವ ಅಲ್ಲಿ ಉಗುಳದ ಹೋಗಿದ್ರ ನೀವಿಬ್ರೂ ತಡದಿರತಿದ್ರಿ, ಅಂವ ಒಬ್ಬನ ಮುಂದ ಹೋಗಿರತಿದ್ದ. ಅಲ್ಲೇ ಕೆಡತಿತ್ತು." ಕಾಕಾ ಅರಿಶಿಣದ ಹೆಬ್ಬೆರಳನ್ನು ಎತ್ತಿ ಹೊರಗೆ ತೋರಿಸಿದ. "ಎತ್ತು ಹಾದ್ಯಾಗ ಉಚ್ಚಿ ಹೊಯ್ಯಾಕ ನಿಲ್ಲತಾವ್ರಿ. ಒಂದು ನಿಂತ್ರ ಜೋಡೀನೂ ನಿಲ್ಲತೈತಿ, ಚಕ್ಕಡ್ಯಾಗಿನ ಗೌಡ್ರೂ ನಿಲ್ಲತಾರ. ಬೈದು ಹೊಡದ್ರ ಪಾಪ. ಹಂಗಂತ ಚಕ್ಕಡಿ ಊರು ಮುಟ್ಟಿಲ್ಲ ಅಂತ ಯಾರರ ಅಂತಾರೇನು?"

ಮಾಸ್ತರು ಕಾಕಾನನ್ನು ನೋಡಿದರು. ಗಂಟೆಗಳನ್ನು ನೋಡಿದರು. ಹೋಲ್ಡಾಲಿನ ಮೇಲಿನ ಕೆಂಪು ಕಲೆಯನ್ನೂ ನೋಡಿದರು. ಆಮೇಲೆ ಅವರ ಹೊಟ್ಟೆಯಿಂದ ಒಂದು ಸದ್ದು ಹೊರಟಿತು. ಅಳುತ್ತಾರೆ ಅಂದುಕೊಂಡೆ. ನಗುತ್ತಿದ್ದರು. ಫೋನಿನಲ್ಲಿ ಕೂಗುವಷ್ಟೇ ಜೋರಾಗಿ ನಗುತ್ತಿದ್ದರು, ಅಕ್ಕಾರ ಎದುರಿಗೇ.

"ಡ್ರೈವರ್‌ಗೆ ಚಕ್ಕಡಿ ವಿಚಾರ ಗೊತ್ತಿರಲಿಲ್ಲ" ಅಂದರು ಕಣ್ಣೊರೆಸಿಕೊಂಡು. ಮೂರನೇ ನಿಯಮದ ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಸೇರಿಸಿದರು. ಆಮೇಲೆ ಪುಟ ತಿರುವಿ ಬರೆದರು. ನಡುಗುವ ಅಕ್ಷರ. ಮೊದಲು ತಮ್ಮ ಹೆಸರು, ಅದರ ಕೆಳಗೆ ಹೆಂಡತಿಯ ಹೆಸರು. ಮೂರನೆಯದು ನನ್ನದೆಂದು ನಾನು ಎದೆ ಉಬ್ಬಿಸಿ ಬಗ್ಗಿ ನೋಡಿದೆ. ಕಾಕಾನ ಹೆಸರಿತ್ತು.

"ನನ್ನ ಹೆಸರ್ರೀ?"

"ನೀ ಎಲ್ಲೆ ಬಾರಿಸಿದ್ಯೋ?" ಅಂದರು ಮಾಸ್ತರು. "ಇಪ್ಪತ್ತಾರು ನಿಮಿಷ ಕಾಕಾನ ಬಾರಿಸಿದ. ನಾ ಕಣ್ಣಾರೆ ನೋಡೇನಿ."

ಅಕ್ಕಾರು ನಕ್ಕರು. ನನಗೆ ಸಿಟ್ಟು ಬರಬೇಕಿತ್ತು. ಆದರೆ ನನ್ನ ನಕಲಿಗೆ ಅಂಥ ಶಾಭಾಸ್‌ಗಿರಿ ಆಮೇಲೆ ಎಂದೂ ಸಿಗಲಿಲ್ಲ.

ಕಾಕಾನಿಗೆ ಓದಲು ಬರುತ್ತಿರಲಿಲ್ಲ. ಬುಕ್ಕನ್ನು ನನ್ನ ಮುಂದೆ ಹಿಡಿದು, "ಎಲ್ಲಿ ಐತಿ ತೋರಸು" ಅಂದ. ತೋರಿಸಿದೆ. ಪೆಟ್ಟಾಗದ ಕೈಯ ಬೆರಳನ್ನು ಅಕ್ಷರದ ಕೆಳಗಿಟ್ಟು ಬಹಳ ಹೊತ್ತು ನೋಡಿದ. "ಓದು" ಅಂದ. ಓದಿದೆ. "ಹಂಗಲ್ಲಲೇ, ಸಾಹೇಬ್ರ ದನೀಲೆ ಓದು." ಮಾಸ್ತರ ಎದುರಿಗೇ ಮಾಸ್ತರ ದನಿಯಲ್ಲಿ, ಮುಂದಿನ ಸ್ಟೇಷನ್ನಿಗೆ ಕೇಳಿಸುವ ಹಾಗೆ ಕಾಕಾನ ಹೆಸರು ಓದಿದೆ.

ಅಷ್ಟು ಓದಿ, ಹಿತ್ತಲಿಗೆ ಓಡಿ ಹೋಗಿ ವಾಂತಿ ಮಾಡಿದೆ. ಅದು ಮಾತ್ರ ನನ್ನದೇ, ಯಾರ ನಕಲೂ ಅಲ್ಲ. ತಿರುಗಿ ಬರುವ ಹೊತ್ತಿಗೆ ಕಾಕಾ ಆರನೆಯ ಗಂಟೆಯ ತಂತಿ ಬಿಚ್ಚಿ ಎತ್ತಿನ ಕೊರಳಿಗೆ ಕಟ್ಟುತ್ತಿದ್ದ, ಮತ್ತು ಎತ್ತು ಕೊರಳು ಝಾಡಿಸದೆ ನಿಂತಿತ್ತು.